ಹಳೆಯ ಗಣಕಯಂತ್ರ ಹೋಯಿತು, ಕಡತಗಳ ಬೀಗದ ಕೈ ಎಲ್ಲಿ?

ಹಳೆಯ ಗಣಕಯಂತ್ರ ಕೆಟ್ಟಿದೆ. ಅದರ ಹಾರ್ಡ್ ಡಿಸ್ಕನ್ನು ಬಿಚ್ಚಿ ಹೊಸ ಯಂತ್ರಕ್ಕೆ ಜೋಡಿಸಲಾಗಿದೆ. ಫೋಲ್ಡರ್‌ಗಳು ಕಾಣುತ್ತವೆ, ಕಡತಗಳ ಹೆಸರು ಓದಲು ಬರುತ್ತದೆ, ಗಾತ್ರವೂ ದಿನಾಂಕವೂ ಮೊದಲಿನಂತೆಯೇ ಇವೆ. ತೆರೆಯಲು ಹೋದಾಗ ಮಾತ್ರ ‘ಆಕ್ಸೆಸ್ ಡಿನೈಡ್’ ಎಂಬ ಎರಡು ಪದಗಳ ಉತ್ತರ. ಕಡತ ಹಾಳಾಗಿಲ್ಲ, ಕಳೆದೂ ಹೋಗಿಲ್ಲ. ಅದು ಗೂಢಲಿಪಿಯಲ್ಲಿದೆ, ಅದನ್ನು ಬಿಡಿಸುವ ಕೀಲಿ ಹಳೆಯ ಯಂತ್ರದಲ್ಲಿಯೇ ಉಳಿದಿದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಯಂತ್ರ ಬದಲಿಸಬೇಕಾದ ಪ್ರಸಂಗ 2025ರಲ್ಲಿ ಎರಡು ದಿಕ್ಕಿನಿಂದ ಬಂದಿತು. ಸೆಪ್ಟೆಂಬರ್ ಅಂತ್ಯದಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಗ್ರಾಮಗಳಿಗೆ ನೀರು ನುಗ್ಗಿತು. 2020ರ ಅಕ್ಟೋಬರ್‌ನಲ್ಲಿಯೂ ಇದೇ ನದಿ ಇದೇ ಊರುಗಳನ್ನು ಮುಳುಗಿಸಿತ್ತು. ಅದಾದ ಎರಡೇ ವಾರಗಳಿಗೆ, ಅಂದರೆ 2025ರ ಅಕ್ಟೋಬರ್ 14ರಂದು, ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ನಿಯತ ಬೆಂಬಲ ಅಂತ್ಯಗೊಂಡಿತು. ಹತ್ತು ವರ್ಷ ಹಳೆಯ ಯಂತ್ರಗಳು ವಿಂಡೋಸ್ 11ರ ಅರ್ಹತೆಯ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಹೊಸದನ್ನು ಕೊಳ್ಳುವುದೇ ದಾರಿಯಾಯಿತು. ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ಅಫಜಲಪುರದಿಂದ ಇನ್ನೂ ದೂರ. ಅಷ್ಟು ದೂರ ಹೊತ್ತೊಯ್ದ ಯಂತ್ರಕ್ಕೆ ದುರಸ್ತಿ ಅಂಗಡಿಯಲ್ಲಿ ಮೊದಲು ಸೂಚಿಸುವ ಚಿಕಿತ್ಸೆ ‘ಫಾರ್ಮ್ಯಾಟ್’. ಗೂಢಲಿಪಿಯ ಕಡತಗಳ ಮಟ್ಟಿಗೆ ಅತ್ಯಂತ ಅಪಾಯಕಾರಿಯಾದ ಚಿಕಿತ್ಸೆಯೂ ಅದೇ.

ಎರಡು ಬಗೆಯ ಬೀಗ

ಗೂಢಲಿಪೀಕರಣ, ಅಂದರೆ ಎನ್‌ಕ್ರಿಪ್ಶನ್, ಹಲವು ವಿಧ. ಯಂತ್ರ ಬದಲಿಸುವವರಿಗೆ ಅವುಗಳಲ್ಲಿ ಒಂದೇ ಭೇದ ಮುಖ್ಯ: ಕೀಲಿ ಮನುಷ್ಯನ ಬಳಿ ಇದೆಯೇ, ಯಂತ್ರದ ಬಳಿ ಇದೆಯೇ?

ಇ-ಆಧಾರ್ ಪಿಡಿಎಫ್ ಮೊದಲನೆಯ ಬಗೆಗೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಅದೂ ಗೂಢಲಿಪಿಯಲ್ಲಿರುವ ಕಡತವೇ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಜನ್ಮವರ್ಷದ ನಾಲ್ಕು ಅಂಕಿಗಳನ್ನು ಸೇರಿಸಿದರೆ ಅದರ ಪಾಸ್‌ವರ್ಡ್. ಆಳಂದದಲ್ಲಿ ಇಳಿಸಿಕೊಂಡ ಕಡತ ಅಮೆರಿಕದ ಯಂತ್ರದಲ್ಲಿಯೂ ಇದೇ ಎಂಟು ಅಕ್ಷರಗಳಿಗೆ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಹಾಕಿದ ವರ್ಡ್, ಎಕ್ಸೆಲ್, ಜಿಪ್ ಕಡತಗಳದ್ದೂ ಇದೇ ಸ್ವಭಾವ. ಯಂತ್ರ ಬದಲಾದರೆ ಇವಕ್ಕೆ ತೊಂದರೆಯಿಲ್ಲ. ಮರೆತರೆ ಮಾತ್ರ ಕಷ್ಟ.

ಎರಡನೆಯ ಬಗೆಯಲ್ಲಿ ಬಳಕೆದಾರ ಪಾಸ್‌ವರ್ಡನ್ನೇ ಹಾಕಿರುವುದಿಲ್ಲ. ಕೀಲಿಯನ್ನು ಯಂತ್ರವೇ ಸೃಷ್ಟಿಸಿ, ತನ್ನಲ್ಲಿಯೇ ಇಟ್ಟುಕೊಂಡು, ತಾನೇ ಬೀಗ ತೆಗೆದು ಕೊಡುತ್ತಿರುತ್ತದೆ. ಬೀಗವಿದೆ ಎಂಬುದೇ ಬಳಕೆದಾರನಿಗೆ ತಿಳಿದಿರುವುದಿಲ್ಲ. ಯಂತ್ರ ಹೋದ ದಿನ ತಿಳಿಯುತ್ತದೆ. ಈ ಲೇಖನದ ಬಹುಭಾಗ ಇಂತಹ ಕಡತಗಳ ಕುರಿತಾದದ್ದು.

ಹಸಿರು ಹೆಸರಿನ ಕಡತಗಳು

ವಿಂಡೋಸ್ 2000ದೊಂದಿಗೆ ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಂ, ಸಂಕ್ಷಿಪ್ತವಾಗಿ ಇಎಫ್‌ಎಸ್, ಬಳಕೆಗೆ ಬಂದಿತು. ಎಕ್ಸ್‌ಪಿ ಪ್ರೊಫೆಷನಲ್, ವಿಂಡೋಸ್ 7ರ ಪ್ರೊಫೆಷನಲ್ ಮತ್ತು ಅಲ್ಟಿಮೇಟ್ ಹಾಗೂ ನಂತರದ ಪ್ರೊ ಆವೃತ್ತಿಗಳಲ್ಲಿ ಇದು ಮುಂದುವರಿದಿದೆ. ‘ಹೋಂ’ ಆವೃತ್ತಿಗಳಲ್ಲಿ ಕಡತವನ್ನು ಹೀಗೆ ಭದ್ರಪಡಿಸುವ ಸೌಲಭ್ಯವಿಲ್ಲ. ಫೋಲ್ಡರ್‌ನ ‘ಪ್ರಾಪರ್ಟೀಸ್’ ತೆರೆದು, ‘ಅಡ್ವಾನ್ಸ್‌ಡ್’ ಒತ್ತಿ, ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಎಂಬ ಸಣ್ಣ ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು. ಪಾಸ್‌ವರ್ಡ್ ಕೇಳುವುದಿಲ್ಲ, ತೆರೆಯುವಾಗಲೂ ಏನೂ ಕೇಳುವುದಿಲ್ಲ. ಹಳೆಯ ವಿಂಡೋಸ್‌ಗಳಲ್ಲಿ ಕಡತದ ಹೆಸರು ಹಸಿರು ಬಣ್ಣಕ್ಕೆ ತಿರುಗುತ್ತಿತ್ತು. ಹೊಸವುಗಳಲ್ಲಿ ಚಿಹ್ನೆಯ ಮೇಲೆ ಪುಟ್ಟ ಬೀಗ ಕಾಣುತ್ತದೆ. ಕಚೇರಿಯಲ್ಲಿ ನಾಲ್ಕು ಜನ ಬಳಸುವ ಯಂತ್ರದಲ್ಲಿ ತಮ್ಮ ಕಡತವನ್ನು ಇತರರು ನೋಡದಿರಲಿ ಎಂದು ವಕೀಲರೋ ಲೆಕ್ಕಪರಿಶೋಧಕರೋ ಹಾಕಿದ ಆ ಗುರುತು ವರ್ಷಗಳ ನಂತರ ಮರೆತೇ ಹೋಗಿರುತ್ತದೆ.

ಒಳಗೆ ನಡೆಯುವುದಿಷ್ಟು. ಪ್ರತಿ ಕಡತಕ್ಕೂ ವ್ಯವಸ್ಥೆ ಒಂದು ಪ್ರತ್ಯೇಕ ಕೀಲಿಯನ್ನು ಸೃಷ್ಟಿಸಿ ಕಡತವನ್ನು ಅದರಿಂದ ಮುಚ್ಚುತ್ತದೆ. ಆ ಕೀಲಿಯನ್ನು ಬಳಕೆದಾರನ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಡತದ ಜೊತೆಯಲ್ಲಿಯೇ ಇರಿಸುತ್ತದೆ. ಅದನ್ನು ಬಿಡಿಸಲು ಬೇಕಾದ ಖಾಸಗಿ ಕೀಲಿ ಬಳಕೆದಾರನ ಪ್ರೊಫೈಲ್ ಫೋಲ್ಡರಿನಲ್ಲಿ ಇರುತ್ತದೆ. ಆ ಖಾಸಗಿ ಕೀಲಿಗೂ ಮತ್ತೊಂದು ಮುಖ್ಯ ಕೀಲಿಯ ಕಾವಲು. ಆ ಮುಖ್ಯ ಕೀಲಿಯನ್ನು ಮುಚ್ಚಿರುವುದು ಬಳಕೆದಾರನ ಲಾಗಿನ್ ಪಾಸ್‌ವರ್ಡಿನಿಂದ. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ಅದರೊಳಗೆ ಇನ್ನೊಂದು. ನಡುವಿನ ಒಂದು ಪೆಟ್ಟಿಗೆ ಕಳೆದರೂ ಒಳಗಿನದು ಸಿಗುವುದಿಲ್ಲ.

ದುರಸ್ತಿ ಅಂಗಡಿಗಳ ರೂಢಿ ಅನಾಹುತ ತರುವುದು ಇಲ್ಲಿಯೇ. ‘ಡಿ ಡ್ರೈವ್‌ನಲ್ಲಿರುವುದು ಹಾಗೆಯೇ ಇರುತ್ತದೆ, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡುತ್ತೇವೆ’ ಎಂಬುದು ಗ್ರಾಹಕರಿಗೆ ಸಾಮಾನ್ಯವಾಗಿ ಸಿಗುವ ಭರವಸೆ. ಮಾತು ಸುಳ್ಳಲ್ಲ. ಡಿ ಡ್ರೈವ್‌ನ ಕಡತಗಳು ಒಂದೂ ಕಳೆಯುವುದಿಲ್ಲ. ಆದರೆ ಬಳಕೆದಾರನ ಪ್ರೊಫೈಲ್ ಇರುವುದು ಸಿ ಡ್ರೈವ್‌ನಲ್ಲಿ. ಕೀಲಿ ಇರುವುದು ಪ್ರೊಫೈಲ್‌ನಲ್ಲಿ. ತಿಜೋರಿಯನ್ನು ಜೋಪಾನವಾಗಿ ಉಳಿಸಿ ಕೀಲಿಯನ್ನು ಕರಗಿಸಿದಂತೆ. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರಿನ, ಅದೇ ಪಾಸ್‌ವರ್ಡಿನ ಖಾತೆ ತೆರೆದರೂ ಪ್ರಯೋಜನವಿಲ್ಲ. ಹೆಸರು ಒಂದೇ ಆದರೂ ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಬೇರೆಯೇ ವ್ಯಕ್ತಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ‘ಆಕ್ಸೆಸ್ ಡಿನೈಡ್’ ಎಂಬ ಸಂದೇಶ ಎರಡು ಕಾರಣಗಳಿಗೆ ಬರುತ್ತದೆ. ಕಡತದ ಮೇಲೆ ಹಳೆಯ ಖಾತೆಗೆ ಮಾತ್ರ ಅನುಮತಿ ಇರುವುದು ಒಂದು, ಗೂಢಲಿಪಿ ಇನ್ನೊಂದು. ಮೊದಲನೆಯದಕ್ಕೆ ‘ಟೇಕ್ ಓನರ್‌ಶಿಪ್’ ಎಂಬ ಒಡೆತನ ಬದಲಾವಣೆ ಸಾಕು, ಹತ್ತು ನಿಮಿಷದ ಕೆಲಸ. ಎರಡನೆಯದಕ್ಕೆ ಅದರಿಂದ ಏನೂ ಆಗದು. ಮನೆಯ ಪಟ್ಟಾ ಹೆಸರಿಗೆ ಬಂದ ಮಾತ್ರಕ್ಕೆ ಬೀಗದ ಕೈ ಬರುವುದಿಲ್ಲ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಇದು ಯಾವುದು ಎಂದು. ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಎನ್‌ಕ್ರಿಪ್ಟ್ ಚೌಕಕ್ಕೆ ಗುರುತು ಇಲ್ಲದಿದ್ದರೆ ಸಮಸ್ಯೆ ಅನುಮತಿಯದ್ದು, ನಿರಾಳವಾಗಬಹುದು.

ಕೀಲಿಯನ್ನು ಹುಡುಕುವ ಕ್ರಮ

ಎಲ್ಲಕ್ಕಿಂತ ಮೊದಲು, ಹಳೆಯ ಡಿಸ್ಕಿಗೆ ಏನನ್ನೂ ಬರೆಯಬಾರದು. ಅದರ ಪೂರ್ಣ ಪ್ರತಿಬಿಂಬವನ್ನು, ಅಂದರೆ ಡಿಸ್ಕ್ ಇಮೇಜನ್ನು, ಬೇರೊಂದು ಡಿಸ್ಕಿಗೆ ತೆಗೆದುಕೊಂಡು ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ಮಾಡಬೇಕು.

ಪಿಎಫ್‌ಎಕ್ಸ್ ವಿಸ್ತರಣೆಯ ಒಂದು ಸಣ್ಣ ಕಡತ ಎಲ್ಲಾದರೂ ಇದೆಯೇ ಎಂದು ಹುಡುಕುವುದು ಮುಂದಿನ ಹೆಜ್ಜೆ. ವಿಂಡೋಸ್ 7 ಮತ್ತು ನಂತರದವು ಮೊದಲ ಬಾರಿ ಕಡತ ಮುಚ್ಚಿದಾಗ ‘ನಿಮ್ಮ ಕೀಲಿಯನ್ನು ಕಾಪಿಟ್ಟುಕೊಳ್ಳಿ’ ಎಂದು ಸೂಚಿಸುತ್ತವೆ. ಆ ಸೂಚನೆಯನ್ನು ಪಾಲಿಸಿದವರ ಹಳೆಯ ಪೆನ್‌ಡ್ರೈವ್‌ನಲ್ಲಿಯೋ ಸಿಡಿಯಲ್ಲಿಯೋ ಈ ಕಡತ ಇರಲು ಸಾಧ್ಯ. ಸಿಕ್ಕಿದರೆ ಕೆಲಸ ಸುಲಭ. ಹೊಸ ಯಂತ್ರದಲ್ಲಿ ಅದನ್ನು ಎರಡು ಬಾರಿ ಒತ್ತಿದರೆ ಪ್ರಮಾಣಪತ್ರ ಆಮದಿನ ಕಿಟಕಿ ತೆರೆಯುತ್ತದೆ. ಅಂದು ಕೊಟ್ಟಿದ್ದ ಪಾಸ್‌ವರ್ಡ್ ನೀಡಿ ‘ಪರ್ಸನಲ್’ ಸಂಗ್ರಹಕ್ಕೆ ಸೇರಿಸಿದರೆ ಕಡತಗಳು ತೆರೆದುಕೊಳ್ಳುತ್ತವೆ. ತೆರೆದ ಕೂಡಲೇ ಎನ್‌ಕ್ರಿಪ್ಟ್ ಚೌಕದ ಗುರುತನ್ನು ತೆಗೆದು ಕಡತಗಳನ್ನು ಸಾಮಾನ್ಯ ಸ್ಥಿತಿಗೆ ತಂದುಕೊಳ್ಳುವುದು ಕ್ಷೇಮ.

ಪಿಎಫ್‌ಎಕ್ಸ್ ಇಲ್ಲ, ಆದರೆ ಹಳೆಯ ಸಿ ಡ್ರೈವ್ ಅಳಿಸಿಲ್ಲ ಎಂದಾದರೆ ಭರವಸೆ ಉಳಿದಿದೆ. ಯಂತ್ರದ ಮದರ್‌ಬೋರ್ಡ್ ಮಾತ್ರ ಕೆಟ್ಟಿದ್ದರೆ ಹಳೆಯ ಡಿಸ್ಕಿನ ಪ್ರತಿಯನ್ನು ಅದೇ ಕಾಲದ ಮತ್ತೊಂದು ಯಂತ್ರಕ್ಕೆ ಹಾಕಿ, ಹಳೆಯ ವಿಂಡೋಸ್‌ನಲ್ಲಿಯೇ ಹಳೆಯ ಪಾಸ್‌ವರ್ಡಿನಿಂದ ಒಳಹೊಕ್ಕು ಪ್ರಮಾಣಪತ್ರವನ್ನು ಖಾಸಗಿ ಕೀಲಿಯ ಸಮೇತ ರಫ್ತು ಮಾಡಿಕೊಳ್ಳಬಹುದು. ಹಳೆಯ ವಿಂಡೋಸ್ ಚಾಲೂ ಆಗದಿದ್ದರೆ, ಪ್ರೊಫೈಲ್‌ನ ‘ಆಪ್‌ಡೇಟಾ’ ಒಳಗೆ ಮೈಕ್ರೋಸಾಫ್ಟ್ ಫೋಲ್ಡರಿನಲ್ಲಿರುವ ‘ಕ್ರಿಪ್ಟೋ’, ‘ಪ್ರೊಟೆಕ್ಟ್’ ಮತ್ತು ‘ಸಿಸ್ಟಂ ಸರ್ಟಿಫಿಕೇಟ್ಸ್’ ಎಂಬ ಮೂರು ಫೋಲ್ಡರ್‌ಗಳು ಮುಖ್ಯ. ಖಾಸಗಿ ಕೀಲಿ, ಅದರ ಕಾವಲಿನ ಮುಖ್ಯ ಕೀಲಿ, ಪ್ರಮಾಣಪತ್ರ — ಮೂರೂ ಇಲ್ಲಿ ಇರುತ್ತವೆ. ಎಕ್ಸ್‌ಪಿಯಲ್ಲಿ ಇದೇ ಫೋಲ್ಡರ್‌ಗಳು ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಅಡಿಯಲ್ಲಿದ್ದವು. ಈ ಮೂರು ಮತ್ತು ಲಾಗಿನ್ ಪಾಸ್‌ವರ್ಡ್ ಇದ್ದರೆ ಕೀಲಿಯನ್ನು ಮರಳಿ ಕಟ್ಟಬಲ್ಲ ತಂತ್ರಾಂಶಗಳಿವೆ. ರಷ್ಯಾ ಮೂಲದ ಎಲ್ಕಾಮ್‌ಸಾಫ್ಟ್ ಸಂಸ್ಥೆಯದ್ದು ಇವುಗಳಲ್ಲಿ ಹೆಸರಾದದ್ದು. ಲಾಗಿನ್ ಪಾಸ್‌ವರ್ಡ್ ಎಂದರೆ ಹಳೆಯ ಪಾಸ್‌ವರ್ಡ್ ಎಂಬುದನ್ನು ಒತ್ತಿ ಹೇಳಬೇಕು. ಮರೆತ ಪಾಸ್‌ವರ್ಡನ್ನು ಅಂಗಡಿಯವರು ಸಿಡಿ ಹಾಕಿ ಅಳಿಸಿಕೊಟ್ಟರೆ ಯಂತ್ರ ತೆರೆಯುತ್ತದೆ, ಗೂಢಲಿಪಿ ತೆರೆಯುವುದಿಲ್ಲ. ಹಾಗೆ ಅಳಿಸಿದ ನಂತರವೂ ಹಳೆಯ ಪಾಸ್‌ವರ್ಡ್ ನೆನಪಾದರೆ ಅದನ್ನೇ ಮತ್ತೆ ಇಟ್ಟು ನೋಡಬಹುದು.

ಸಿ ಡ್ರೈವ್ ಫಾರ್ಮ್ಯಾಟ್ ಆಗಿ ಹೊಸ ವಿಂಡೋಸ್ ಬಂದಿದ್ದರೆ ಉಳಿಯುವುದು ಅದೃಷ್ಟದ ಮಾತು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಕೀಲಿ ಕಡತಗಳ ಮೇಲೆ ಬೇರೇನೂ ಬರೆಯದೆ ಉಳಿದಿದ್ದರೆ ಹೆಕ್ಕಿ ತೆಗೆಯಲು ಸಾಧ್ಯವಿದೆ. ಎಸ್‌ಎಸ್‌ಡಿ ಆದರೆ ಅಳಿಸಿದ ಜಾಗವನ್ನು ಅದು ತಾನೇ ಶುಚಿಗೊಳಿಸುವುದರಿಂದ ಆಸೆ ತೀರಾ ಕಡಿಮೆ. ಕಂಪನಿಗಳ ಡೊಮೇನ್ ಜಾಲದಲ್ಲಿದ್ದ ಯಂತ್ರಗಳಿಗೆ ‘ರಿಕವರಿ ಏಜೆಂಟ್’ ಎಂಬ ಎರಡನೆಯ ಕೀಲಿಧಾರಿ ಇರುವುದುಂಟು. ಒಂಟಿ ಯಂತ್ರದಲ್ಲಿ, ವಿಂಡೋಸ್ 2000ದ ಹೊರತು, ಅಂತಹ ಏರ್ಪಾಡು ತಾನಾಗಿ ಇರುವುದಿಲ್ಲ.

‘ಎಷ್ಟಾದರೂ ಕೊಡುತ್ತೇವೆ, ಒಡೆದು ಕೊಡಿ’ ಎನ್ನುವವರಿಗೆ ಒಂದು ಲೆಕ್ಕ. ಎಕ್ಸ್‌ಪಿಯ ಮೊದಲ ಸರ್ವಿಸ್ ಪ್ಯಾಕ್‌ನಿಂದ ಇಎಫ್‌ಎಸ್ ಬಳಸುತ್ತಿರುವುದು 256 ಬಿಟ್‌ಗಳ ಎಇಎಸ್ ವಿಧಾನ. ಸಂಭವನೀಯ ಕೀಲಿಗಳ ಸಂಖ್ಯೆಯನ್ನು ಬರೆದರೆ 78 ಅಂಕಿಗಳಾಗುತ್ತವೆ. ಜಗತ್ತಿನ ಗಣಕಯಂತ್ರಗಳೆಲ್ಲ ಸೇರಿದರೂ ಒಂದೊಂದಾಗಿ ಪ್ರಯತ್ನಿಸಿ ಮುಗಿಸಲಾಗದ ಸಂಖ್ಯೆ ಅದು. ಕೀಲಿ ಇಲ್ಲದೆಯೇ ತೆರೆದುಕೊಡುತ್ತೇವೆಂದು ಮುಂಗಡ ಕೇಳುವವರು ಕೀಲಿಯನ್ನು ಎಲ್ಲಿಂದ ತರುತ್ತಾರೆ ಎಂಬುದನ್ನು ಮೊದಲು ಕೇಳುವುದು ಲೇಸು.

48 ಅಂಕಿಗಳ ಕೀಲಿ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎದುರಾಗುವುದು ಬಿಟ್‌ಲಾಕರ್. 2007ರಲ್ಲಿ ವಿಂಡೋಸ್ ವಿಸ್ತಾದೊಂದಿಗೆ ಬಂದ ಇದು ಒಂದೊಂದು ಕಡತವನ್ನಲ್ಲ, ಇಡೀ ಡ್ರೈವನ್ನೇ ಮುಚ್ಚುತ್ತದೆ. ಕೀಲಿಯನ್ನು ಮದರ್‌ಬೋರ್ಡ್ ಮೇಲಿನ ಟಿಪಿಎಂ ಎಂಬ ಚಿಪ್ ಕಾಯುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದೊಡನೆ ಚಿಪ್‌ನ ಸಂಬಂಧ ಕಡಿದು, 48 ಅಂಕಿಗಳ ರಿಕವರಿ ಕೀ ಕೊಡಿ ಎಂಬ ನೀಲಿ ಪರದೆ ಬರುತ್ತದೆ.

‘ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ’ ಎನ್ನುವವರು ಅನೇಕ. ಅವರ ಮಾತೂ ನಿಜವೇ. ‘ಡಿವೈಸ್ ಎನ್‌ಕ್ರಿಪ್ಶನ್’ ಎಂಬ ಹೆಸರಿನಲ್ಲಿ ಇದು ಹೋಂ ಆವೃತ್ತಿಯ ಲ್ಯಾಪ್‌ಟಾಪ್‌ಗಳಲ್ಲಿಯೂ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಕೂಡಲೇ ತಾನಾಗಿ ಜಾರಿಯಾಗುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇದಕ್ಕೆ ಬೇಕಿದ್ದ ಯಂತ್ರಾಂಶದ ಷರತ್ತುಗಳನ್ನು ಸಡಿಲಿಸಿದ್ದರಿಂದ ಇನ್ನಷ್ಟು ಯಂತ್ರಗಳು ಈ ವ್ಯಾಪ್ತಿಗೆ ಬಂದಿವೆ.

ಸಮಾಧಾನದ ಸಂಗತಿಯೆಂದರೆ, ಹೀಗೆ ತಾನಾಗಿ ಜಾರಿಯಾದಾಗ ರಿಕವರಿ ಕೀ ಆ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ದಾಖಲಾಗಿರುತ್ತದೆ. ಬೇರೆ ಯಂತ್ರ ಅಥವಾ ಮೊಬೈಲ್‌ನಿಂದ ಅದೇ ಖಾತೆಗೆ ಪ್ರವೇಶಿಸಿ ಉಪಕರಣಗಳ ಪಟ್ಟಿಯಲ್ಲಿ ನೋಡಿದರೆ ಸಿಗುತ್ತದೆ. ಕಠಿಣವಾದದ್ದು ಮುಂದಿನ ಪ್ರಶ್ನೆ: ಅದು ಯಾರ ಖಾತೆ? ಯಂತ್ರ ಕೊಂಡ ದಿನ ಅಂಗಡಿಯ ಹುಡುಗನೇ ಒಂದು ಹೊಸ ಇ-ಮೇಲ್ ತೆರೆದು ವಿಂಡೋಸ್ ಅಣಿಗೊಳಿಸಿಕೊಟ್ಟಿದ್ದರೆ, ಕೀಲಿ ಆ ಇ-ಮೇಲ್‌ನಲ್ಲಿದೆ. ಮಗಳ ಕಾಲೇಜಿನ ಖಾತೆಯಿಂದ ಪ್ರವೇಶಿಸಿದ್ದರೆ ಕೀಲಿ ಕಾಲೇಜಿನ ಆಡಳಿತಗಾರರ ಬಳಿ ಇರಬಹುದು. ಪರದೆಯ ಮೇಲೆ ಕೀಲಿಯ ಗುರುತು ಸಂಖ್ಯೆಯ ಮೊದಲ ಎಂಟು ಅಕ್ಷರಗಳು ಕಾಣುತ್ತವೆ. ಹಲವು ಖಾತೆಗಳಲ್ಲಿ ಹಲವು ಕೀಲಿಗಳಿದ್ದರೆ ಯಾವುದು ಈ ಡಿಸ್ಕಿನದ್ದು ಎಂದು ಅದರಿಂದ ತಿಳಿಯುತ್ತದೆ. ಕಳೆದ ಕೀಲಿಯನ್ನು ಮರುಸೃಷ್ಟಿಸಲು ತನ್ನಿಂದಲೂ ಸಾಧ್ಯವಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಕಾಗದದ ಮೇಲೆ ಬರೆದಿಟ್ಟ ಕೀಲಿಯಲ್ಲಿ ಒಂದು ಅಂಕಿ ಮಾಸಿದ್ದರೆ ಕೈಚೆಲ್ಲಬೇಕಾಗಿಲ್ಲ. 48 ಅಂಕಿಗಳು ಆರಾರು ಅಂಕಿಗಳ ಎಂಟು ಗುಂಪುಗಳಾಗಿರುತ್ತವೆ, ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಮಾಸಿದ ಜಾಗಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಹಾಕಿ ಭಾಗಿಸಿ ನೋಡಿದರೆ ಸರಿಯಾದ ಅಂಕಿ ತಾನಾಗಿ ಹೊರಬೀಳುತ್ತದೆ. ಶಾಲೆಯಲ್ಲಿ ಕಲಿತ ಭಾಗಾಕಾರ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ಸಂದರ್ಭ ಅಪರೂಪ.

ನೀರಿನಲ್ಲಿ ಮುಳುಗಿದ ಡಿಸ್ಕ್

ನೆರೆಯಲ್ಲಿ ನೆನೆದ ಡಿಸ್ಕಿಗೆ ವಿದ್ಯುತ್ ಕೊಟ್ಟು ನೋಡುವುದು, ಬಿಸಿಲಿನಲ್ಲಿಟ್ಟು ಒಣಗಿಸುವುದು ಎರಡೂ ತಪ್ಪು. ಒಣಗಿದ ಕೆಸರು ಒಳಗಿನ ತಟ್ಟೆಗಳಿಗೆ ಅಂಟುತ್ತದೆ. ತೇವ ಆರದಂತೆ ಚೀಲದಲ್ಲಿ ಮುಚ್ಚಿ ಆದಷ್ಟು ಬೇಗ ದತ್ತಾಂಶ ಮರುಗಳಿಕೆಯ ಪ್ರಯೋಗಾಲಯಕ್ಕೆ ತಲುಪಿಸುವುದು ತಜ್ಞರ ಸಲಹೆ. ಪ್ರಯೋಗಾಲಯ ಹಿಂದಿರುಗಿಸುವುದು ಡಿಸ್ಕಿನಲ್ಲಿ ಇದ್ದದ್ದನ್ನು ಇದ್ದಂತೆ, ಗೂಢಲಿಪಿಯಾಗಿದ್ದರೆ ಗೂಢಲಿಪಿಯನ್ನೇ. ಆದ್ದರಿಂದ ಹಣ ಕಟ್ಟುವ ಮೊದಲು ಕೀಲಿಯ ವಿಚಾರ ಇತ್ಯರ್ಥವಾಗಬೇಕು.

ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್‌ಗಳ ಕೆಲವು ಮಾದರಿಗಳಲ್ಲಿ ಡಬ್ಬಿಯೊಳಗಿನ ಸಣ್ಣ ಯುಎಸ್‌ಬಿ ಫಲಕವೇ ಎಲ್ಲವನ್ನೂ ಗೂಢಲಿಪಿಗೆ ಪರಿವರ್ತಿಸುತ್ತದೆ, ಪಾಸ್‌ವರ್ಡ್ ಹಾಕದಿದ್ದರೂ ಸಹ. ಡಬ್ಬಿ ಒಡೆದು ಡಿಸ್ಕನ್ನು ಮಾತ್ರ ತೆಗೆದು ನೋಡಿದವರಿಗೆ ಅದು ಖಾಲಿ ಡಿಸ್ಕಿನಂತೆ ಕಾಣುತ್ತದೆ. ಕೆಟ್ಟ ಫಲಕವನ್ನು ಕಸಕ್ಕೆ ಎಸೆಯದೆ ಡಿಸ್ಕಿನೊಂದಿಗೆ ಕಳುಹಿಸಬೇಕು.

ಟ್ರೂಕ್ರಿಪ್ಟ್, ಟ್ಯಾಲಿ, ವರ್ಡ್

ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಟ್ರೂಕ್ರಿಪ್ಟ್ ತಂತ್ರಾಂಶದ ಅಭಿವೃದ್ಧಿ 2014ರ ಮೇ ತಿಂಗಳಲ್ಲಿ ಹಠಾತ್ತನೆ ನಿಂತಿತು. ಅದರ ಉತ್ತರಾಧಿಕಾರಿಯಾದ ವೆರಾಕ್ರಿಪ್ಟ್ ಬಹುಕಾಲ ಹಳೆಯ ಟ್ರೂಕ್ರಿಪ್ಟ್ ಕಡತಗಳನ್ನೂ ತೆರೆಯುತ್ತಿತ್ತು. 2023ರಲ್ಲಿ ಬಂದ 1.26 ಸರಣಿಯಿಂದ ಆ ಸೌಲಭ್ಯವನ್ನು ಕೈಬಿಡಲಾಗಿದೆ. ಹೊಸ ಯಂತ್ರಕ್ಕೆ ಹೊಸ ವೆರಾಕ್ರಿಪ್ಟ್ ಹಾಕಿ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪೆಂದು ತೋರಿಸಿದರೆ ಗಾಬರಿಯಾಗಬಾರದು. 1.25.9 ಆವೃತ್ತಿಯನ್ನು ಹಾಕಿ ಟ್ರೂಕ್ರಿಪ್ಟ್ ಮೋಡ್ ಆಯ್ದುಕೊಂಡರೆ ತೆರೆಯುತ್ತದೆ.

ತೊಗರಿಯ ಅಡತ್ ಅಂಗಡಿಗಳಿಂದ ಹಿಡಿದು ಕಿರಾಣಿ ಸಗಟು ವ್ಯಾಪಾರದವರೆಗೆ ಲೆಕ್ಕಪತ್ರಕ್ಕೆ ಬಳಕೆಯಲ್ಲಿರುವ, ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ‘ಟ್ಯಾಲಿ ವಾಲ್ಟ್’ ಎಂಬ ಗೂಢಲಿಪಿಯ ಏರ್ಪಾಡಿದೆ. ದತ್ತಾಂಶದ ಫೋಲ್ಡರನ್ನು ಹೊಸ ಯಂತ್ರಕ್ಕೆ ನಕಲಿಸಿದ ಮೇಲೆ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರಿನ ಬದಲು ಬರೀ ನಕ್ಷತ್ರ ಚಿಹ್ನೆಗಳು ಕಂಡರೆ ಅದು ವಾಲ್ಟ್. ಬಳಕೆದಾರನ ಪಾಸ್‌ವರ್ಡ್ ಬೇರೆ, ವಾಲ್ಟ್ ಪಾಸ್‌ವರ್ಡ್ ಬೇರೆ. ವಾಲ್ಟ್‌ನದ್ದು ಮರೆತರೆ ಮರಳಿ ಪಡೆಯುವ ಮಾರ್ಗವಿಲ್ಲ. ಹಳೆಯ ಗುಮಾಸ್ತನಿಗೆ ಅದು ನೆನಪಿದ್ದರೆ ಆತನನ್ನು ವಿನಯದಿಂದ ವಿಚಾರಿಸುವುದೊಂದೇ ಉಪಾಯ.

ವರ್ಡ್, ಎಕ್ಸೆಲ್‌ಗಳ ವಿಷಯದಲ್ಲಿ ಕಡತದ ವಯಸ್ಸು ಹೆಚ್ಚಿದ್ದಷ್ಟೂ ಒಳ್ಳೆಯದು. 97ರಿಂದ 2003ರವರೆಗಿನ ಆವೃತ್ತಿಗಳು ರೂಢಿಯಾಗಿ ಬಳಸುತ್ತಿದ್ದುದು 40 ಬಿಟ್‌ಗಳ ದುರ್ಬಲ ಕೀಲಿ. ಇಂದಿನ ಸಾಧಾರಣ ಯಂತ್ರವೂ ಅದನ್ನು ಒಡೆಯಬಲ್ಲದು. 2007ರಿಂದ ಎಇಎಸ್ ಬಂದಿತು. 2010ರ ಆವೃತ್ತಿಯಲ್ಲಿ ಒಂದೊಂದು ಊಹೆಗೂ ಲಕ್ಷ ಸಲ ಲೆಕ್ಕ ಮಾಡಬೇಕಾದ ವ್ಯವಸ್ಥೆಯಾಯಿತು. ಪಾಸ್‌ವರ್ಡ್ ಚಿಕ್ಕದಾಗಿದ್ದರೆ, ಅಥವಾ ಅರ್ಧ ನೆನಪಿದ್ದರೆ ಮಾತ್ರ ಪ್ರಯತ್ನಕ್ಕೆ ಅರ್ಥವಿದೆ.

ಗುತ್ತಿಗೆದಾರರು ಟೆಂಡರ್‌ಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ನ ಕೀಲಿ ಟೋಕನ್ ಒಳಗೇ ಇರುವುದರಿಂದ ಯಂತ್ರ ಬದಲಾದರೆ ಚಾಲಕ ತಂತ್ರಾಂಶ ಹಾಕಿಕೊಂಡರೆ ಸಾಕು. ಗೂಢಲಿಪಿಯ ಪ್ರಮಾಣಪತ್ರದ ಅವಧಿ ಮುಗಿದ ಹಳೆಯ ಟೋಕನ್ ಅನ್ನು ಮಾತ್ರ ಎಸೆಯಬಾರದು. ಅದರಿಂದ ಮುಚ್ಚಿದ ಕಡತಗಳು ಹೊಸ ಟೋಕನ್‌ಗೆ ತೆರೆಯವು.

ಗೂಢಲಿಪಿಯಲ್ಲದ ಗೂಢಲಿಪಿ

ಕನ್ನಡದವರಿಗೇ ವಿಶಿಷ್ಟವಾದ ಇನ್ನೊಂದು ಪ್ರಸಂಗವಿದೆ. ಅದನ್ನು ಗೂಢಲಿಪಿಯೆಂದು ತಪ್ಪಾಗಿ ಭಾವಿಸಿ ಕಡತಗಳನ್ನೇ ಅಳಿಸಿಬಿಡುವ ಸಂಭವವೂ ಇದೆ. ಕಡತ ಸಲೀಸಾಗಿ ತೆರೆಯುತ್ತದೆ. ಒಳಗೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳ ರಾಶಿ. ‘ಕನ್ನಡ’ ಎಂಬ ಪದವಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ ಇತ್ಯಾದಿ ಸಾಲುಗಟ್ಟಿ ನಿಂತಿರುತ್ತವೆ.

ಇದಕ್ಕೆ ಕಾರಣ ಹಳೆಯ ಫಾಂಟ್‌ಗಳ ವ್ಯವಸ್ಥೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಪುಣೆಯ ಮಾಡ್ಯುಲರ್ ಸಂಸ್ಥೆಯ ‘ಶ್ರೀಲಿಪಿ’ ಮೊದಲಾದವು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟ್ ಇರುವ ಯಂತ್ರದಲ್ಲಿ ಕನ್ನಡ. ಇಲ್ಲದ ಯಂತ್ರದಲ್ಲಿ ಪೌಂಡ್ ಚಿಹ್ನೆ. ತಾಲ್ಲೂಕು ಕಚೇರಿ, ನ್ಯಾಯಾಲಯಗಳ ಆಸುಪಾಸಿನ ಬೆರಳಚ್ಚು ಅಂಗಡಿಗಳಲ್ಲಿ ಎರಡು ದಶಕಗಳ ಕಾಲ ಸಿದ್ಧವಾದ ಅರ್ಜಿ, ಕರಾರು, ವಾಟ್ನಿ ಪತ್ರಗಳ ಕರಡುಗಳು ಬಹುಮಟ್ಟಿಗೆ ಇಂತಹ ಫಾಂಟ್‌ಗಳಲ್ಲಿಯೇ ಇವೆ. ಇಲ್ಲಿ ಕೀಲಿಯ ಪ್ರಶ್ನೆಯೇ ಇಲ್ಲ. ಅದೇ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಹಳೆಯ ಡಿಸ್ಕ್ ಕೈಯಲ್ಲಿದ್ದರೆ ವಿಂಡೋಸ್ ಫೋಲ್ಡರ್‌ನ ಒಳಗಿನ ‘ಫಾಂಟ್ಸ್’ ಎಂಬಲ್ಲಿಂದಲೇ ಅದನ್ನು ನಕಲಿಸಿಕೊಳ್ಳಬಹುದು. ಆದರೆ ಅಷ್ಟಕ್ಕೇ ನಿಂತರೆ ಮುಂದಿನ ಯಂತ್ರದಲ್ಲಿ ಮತ್ತೆ ಇದೇ ಪಾಡು. ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳುವುದು ಶಾಶ್ವತ ಪರಿಹಾರ. ನುಡಿ, ಬರಹಗಳ ಜೊತೆಯಲ್ಲಿಯೇ ಅಂತಹ ಪರಿವರ್ತಕಗಳು ಬಂದಿವೆ, ಉಚಿತವಾದ ಬೇರೆಯವೂ ಇವೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಜಮೀನಿನ ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಆಗುವ ತೊಂದರೆ ತಂತ್ರಾಂಶದ್ದಲ್ಲ.

ಯಾವುದಕ್ಕಾಗಿ ಹೋರಾಡಬೇಕು?

ಕಡತಗಳು ತೆರೆಯದೆಂದು ತಿಳಿದಾಗ ಎಲ್ಲವೂ ಮುಳುಗಿತೆಂಬ ಭಾವನೆ ಸಹಜ. ಒಂದು ಪಟ್ಟಿ ಮಾಡಿ ನೋಡಿದರೆ ಬಹುಭಾಗ ಬೇರೆಡೆ ಸಿಗುತ್ತದೆ. ಪಹಣಿ, ಮ್ಯುಟೇಶನ್ ಪ್ರತಿಗಳು ‘ಭೂಮಿ’ಯಲ್ಲಿವೆ. ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು. ಆಧಾರ್ ಪಿಡಿಎಫ್ ಮರಳಿ ಇಳಿಸಿಕೊಳ್ಳಬಹುದು; ಚಾಲನಾ ಪರವಾನಗಿ, ಅನೇಕ ಮಂಡಳಿಗಳ ಅಂಕಪಟ್ಟಿ ಡಿಜಿಲಾಕರ್‌ನಲ್ಲಿವೆ. ನ್ಯಾಯಾಲಯದ ಆದೇಶಗಳು ಇ-ಕೋರ್ಟ್ಸ್ ತಾಣದಲ್ಲಿಯೂ, ಕಲಬುರಗಿ ಪೀಠದ ತೀರ್ಪುಗಳು ಹೈಕೋರ್ಟಿನ ತಾಣದಲ್ಲಿಯೂ ಸಿಗುತ್ತವೆ. ದಾಖಲಾದ ವಾದಪತ್ರದ ಪ್ರತಿ ನ್ಯಾಯಾಲಯದ ಕಡತದಲ್ಲಿರುತ್ತದೆ. ಇವುಗಳಿಗಾಗಿ ಪ್ರಯೋಗಾಲಯಕ್ಕೆ ಸಾವಿರಾರು ರೂಪಾಯಿ ಸುರಿಯುವುದು ವ್ಯರ್ಥ.

ಬೇರೆಲ್ಲಿಯೂ ಸಿಗದವು ಬೇರೆ: ಇನ್ನೂ ಸಲ್ಲಿಸದ ಕರಡು, ಅಡತ್ ಅಂಗಡಿಯ ಬಾಕಿಯ ಲೆಕ್ಕ, ತೀರಿಹೋದವರ ಧ್ವನಿಮುದ್ರಣ, ಮದುವೆಯ ಚಿತ್ರಗಳು, ಸಂಶೋಧನ ವಿದ್ಯಾರ್ಥಿಯ ಐದು ವರ್ಷಗಳ ಟಿಪ್ಪಣಿ. ಇವುಗಳಿಗೆ ಕೀಲಿ ಸಿಗದಿದ್ದರೂ ಡಿಸ್ಕಿನ ಪ್ರತಿಬಿಂಬವನ್ನು ತೆಗೆದಿಡುವುದು ಒಳಿತು. ಕೀಲಿ ಇದ್ದ ಪೆನ್‌ಡ್ರೈವ್ ಮೂರು ವರ್ಷಗಳ ನಂತರ ಅಲಮಾರಿನ ಮೂಲೆಯಲ್ಲಿ ಸಿಗಬಾರದೆಂದೇನಿಲ್ಲ. ಮೊಬೈಲ್‌ನ ವಾಟ್ಸ್‌ಆಪ್‌ನಲ್ಲಿ ಅವೇ ಚಿತ್ರಗಳ ಪ್ರತಿಗಳಿರುವುದೂ ಉಂಟು. ಆದರೆ 2021ರಿಂದ ಲಭ್ಯವಿರುವ ಗೂಢಲಿಪಿ ಬ್ಯಾಕಪ್ ಹಾಕಿಕೊಂಡಿದ್ದರೆ ಅದರ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿಯೂ ಬೇಕು.

ಕಡತಗಳ ಹೆಸರಿನ ಕೊನೆಗೆ ಅಪರಿಚಿತ ವಿಸ್ತರಣೆ ಸೇರಿಕೊಂಡು, ಹಣ ಕೇಳುವ ಪಠ್ಯವೊಂದು ಪ್ರತಿ ಫೋಲ್ಡರ್‌ನಲ್ಲಿ ಕಂಡರೆ ಅದು ಬಳಕೆದಾರನ ಬೀಗವಲ್ಲ, ಕಳ್ಳನ ಬೀಗ. ಅಂತಹ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಲೇಬಾರದು. ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಸಂಸ್ಥೆಗಳೊಂದಿಗೆ 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಕೆಲವು ಬಗೆಗಳಿಗೆ ಉಚಿತ ಪರಿಹಾರವಿದೆ. ದೂರಿಗೆ 1930 ಸಹಾಯವಾಣಿ ಇದೆ.

ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವವರಿಗೆ

ಯಂತ್ರ ನಡೆಯುತ್ತಿರುವಾಗಲೇ ಮಾಡಬೇಕಾದ ಕೆಲಸ ಅರ್ಧ ಗಂಟೆಯದ್ದು. ಆದೇಶದ ಕಪ್ಪು ಕಿಟಕಿಯಲ್ಲಿ ‘ಸೈಫರ್’ ಆದೇಶವನ್ನು ಯು ಮತ್ತು ಎನ್ ಸೂಚನೆಗಳೊಂದಿಗೆ ಕೊಟ್ಟರೆ ಇಎಫ್‌ಎಸ್‌ನಿಂದ ಮುಚ್ಚಿದ ಕಡತಗಳ ಪಟ್ಟಿ ಬರುತ್ತದೆ. ಪಟ್ಟಿ ಖಾಲಿಯಿದ್ದರೆ ಆ ಚಿಂತೆಯಿಲ್ಲ. ಕಡತಗಳಿದ್ದರೆ ಅದೇ ‘ಸೈಫರ್’ ಆದೇಶವನ್ನು ಎಕ್ಸ್ ಸೂಚನೆಯೊಂದಿಗೆ ಕೊಟ್ಟು ಪಿಎಫ್‌ಎಕ್ಸ್ ಕಡತ ಪಡೆಯಬೇಕು, ಇಲ್ಲವೇ ಚೌಕದ ಗುರುತನ್ನೇ ತೆಗೆದುಬಿಡಬೇಕು. ಬಿಟ್‌ಲಾಕರ್‌ಗೆ ನಿಯಂತ್ರಣ ಫಲಕದಲ್ಲಿ ‘ಬ್ಯಾಕಪ್ ರಿಕವರಿ ಕೀ’ ಎಂಬ ಆಯ್ಕೆಯಿದೆ. 48 ಅಂಕಿಗಳನ್ನು ಮುದ್ರಿಸಿ, ಕಾಗದದ ಮೇಲೆ ಯಂತ್ರದ ಹೆಸರು ಮತ್ತು ದಿನಾಂಕ ಬರೆದು, ಯಂತ್ರವಿರುವ ಕೊಠಡಿಯಲ್ಲಿಯಲ್ಲದೆ ಬೇರೆ ಊರಿನ ಬಂಧುಗಳ ಮನೆಯಲ್ಲಿಯೋ ಬ್ಯಾಂಕಿನ ಲಾಕರ್‌ನಲ್ಲಿಯೋ ಇಡಬೇಕು. ಭೀಮೆಯ ನೀರು ಮನೆ ಹೊಕ್ಕಾಗ ಲ್ಯಾಪ್‌ಟಾಪ್ ಇದ್ದ ಕೋಣೆಗೂ ಕೀಲಿ ಬರೆದಿಟ್ಟ ಡೈರಿ ಇದ್ದ ಕೋಣೆಗೂ ಒಟ್ಟಿಗೇ ಹೋಗುತ್ತದೆ.